ಬೇಸಿಗೆಯಲ್ಲಿ ನಾಯಿ: ‘ಸಾಕು’ ಅನ್ನಬೇಕಾದವರು ನೀವು

ಬೇಸಿಗೆ ಬಂತು ಅಂದ ಕೂಡಲೇ ನಾಯಿ ಸಾಕಿದವರ ಕಿವಿಗೆ ಬೀಳುವ ಮೊದಲ ಎಚ್ಚರಿಕೆ ಒಂದೇ: ಕಾರಿನೊಳಗೆ ನಾಯಿಯನ್ನು ಬಿಟ್ಟು ಹೋಗಬೇಡಿ. ಮಾತು ನೂರಕ್ಕೆ ನೂರು ನಿಜ. ಆದರೆ ಸೆಕೆಯಿಂದ ನಾಯಿಗಳು ಆಸ್ಪತ್ರೆ ಸೇರುವುದಕ್ಕೆ ಕಾರು ದೊಡ್ಡ ಕಾರಣವೇ ಅಲ್ಲ. ಬ್ರಿಟನ್ನಿನ ಪಶುವೈದ್ಯಕೀಯ ಕ್ಲಿನಿಕ್‌ಗಳ ದಾಖಲೆಗಳನ್ನು ಜಾಲಾಡಿ ಮಾಡಿದ ದೊಡ್ಡದೊಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬಿಸಿಯಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರಕ್ಕೆ ಕಾರಣವಾಗಿದ್ದು ಓಟ, ಆಟ, ವಾಕಿಂಗ್. ಕಾರಿನ ಪಾಲು ನೂರಕ್ಕೆ ಐದರ ಆಸುಪಾಸು ಅಷ್ಟೇ.

ಯಾಕೆ ಹೀಗೆ? ನಮಗೆ ಸುಸ್ತಾದರೆ ಎಲ್ಲಾದರೂ ಕೂತುಬಿಡುತ್ತೇವೆ. ನಾಯಿಗೆ ಆ ಲೆಕ್ಕಾಚಾರ ಇಲ್ಲ. ನೀವು ಚೆಂಡು ಎಸೆಯುವಷ್ಟು ಹೊತ್ತೂ ಅದು ಓಡಿ ಹೋಗಿ ತರುತ್ತಲೇ ಇರುತ್ತದೆ. ನೀವು ಜಾಗಿಂಗ್ ಮಾಡುತ್ತಿದ್ದರೆ ಪಕ್ಕದಲ್ಲಿ ಬರುತ್ತಲೇ ಇರುತ್ತದೆ. ಕಾಲು ಸೋತು ಕುಸಿಯುವ ತನಕ ಬಾಲ ಆಡಿಸುವ ನಾಯಿಗಳಿವೆ. ಅದಕ್ಕೇ ಈ ಬರಹದಲ್ಲಿ ನೀರು, ನೆರಳು, ಕೂದಲು ಎಲ್ಲ ಬಂದರೂ ಜಾಸ್ತಿ ಮಾತು ಎರಡೇ ವಿಷಯಕ್ಕೆ. ಆಟವನ್ನು ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಒಂದು. ಕೈಮೀರಿದರೆ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅನ್ನೋದು ಇನ್ನೊಂದು.

ನಾಯಿಯ ಮೈ ತಣ್ಣಗಾಗುವುದು ಹೇಗೆ

ನಾವು ಮೈಯೆಲ್ಲ ಬೆವರುತ್ತೇವೆ, ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿ ಹೀಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಲೆಕ್ಕಕ್ಕೆ ಬಾರದಷ್ಟು. ಅದರ ಮುಖ್ಯ ಉಪಾಯ ತೇಕುವುದು. ನಾಲಿಗೆ, ಬಾಯಿ, ಮೂಗಿನ ಒಳಭಾಗದ ತೇವ ಆವಿಯಾಗುತ್ತದೆ, ಅದರ ಜೊತೆ ಬಿಸಿ ಹೊರಗೆ ಹೋಗುತ್ತದೆ. ಆರಾಮವಾಗಿ ಮಲಗಿದ್ದಾಗ ನಿಮಿಷಕ್ಕೆ ಹತ್ತರಿಂದ ಮೂವತ್ತು ಸಲ ಉಸಿರಾಡುವ ನಾಯಿ, ಜೋರಾಗಿ ತೇಕುವಾಗ ಇನ್ನೂರು ಮುನ್ನೂರು ಸಲ ಉಸಿರಾಡುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನಾಲಿಗೆಯ ನೀರು ಆರುವುದೇ ಇಲ್ಲ. ಥರ್ಮಾಮೀಟರ್‌ನಲ್ಲಿ 28 ಡಿಗ್ರಿ ತೋರಿಸುವ ಮೋಡ ಮುಸುಕಿದ ಸಂಜೆ, 33 ಡಿಗ್ರಿಯ ಒಣ ಬೆಳಗಿಗಿಂತ ನಾಯಿಗೆ ಕಷ್ಟವಾಗಬಹುದು. ಬಿಸಿಲು ಇಲ್ಲವಲ್ಲ ಅಂತ ಮೋಸ ಹೋಗುವುದು ಇಲ್ಲೇ. ಎರಡು, ಫ್ಯಾನ್ ಹಾಕಿಬಿಟ್ಟರೆ ಮುಗಿಯಿತು ಅನ್ನುವ ಹಾಗಿಲ್ಲ. ಫ್ಯಾನ್ ಗಾಳಿ ನಮಗೆ ಹಿತ ಅನ್ನಿಸುವುದು ಬೆವರು ಆರುವುದರಿಂದ. ಒಣ ಕೂದಲಿನ ನಾಯಿಗೆ ಆ ಲಾಭ ತೀರಾ ಕಡಿಮೆ. ಆದರೆ ಹೊಟ್ಟೆಯ ಭಾಗ, ತೊಡೆಸಂದು, ಪಾದ ಒದ್ದೆ ಮಾಡಿ ಫ್ಯಾನ್ ಮುಂದೆ ಮಲಗಿಸಿ ನೋಡಿ, ಆಗ ಗೊತ್ತಾಗುತ್ತದೆ ವ್ಯತ್ಯಾಸ.

ಆರೋಗ್ಯವಂತ ನಾಯಿಯ ಮೈ ಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗಿಂತ ತುಸು ಹೆಚ್ಚು. ಹಾಗಾಗಿ ಮುಟ್ಟಿ ನೋಡಿ ‘ಜ್ವರ ಬಂದ ಹಾಗಿದೆ’ ಅನ್ನುವುದು ನಂಬಿಕೆಗೆ ತಕ್ಕದ್ದಲ್ಲ. ಸುಮ್ನೆ ಇರುವ ನಾಯಿಯಲ್ಲಿ 40 ದಾಟಿದರೆ ಎಚ್ಚರ. 41 ದಾಟಿದರೆ ಅದು ಜೀವದ ಪ್ರಶ್ನೆ. ಒಳಗಿನ ಅಂಗಗಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೇ ಅಂತ ಬೇರೆ ಇಟ್ಟುಕೊಳ್ಳಿ. ನೋಡಬೇಕಾದ್ದು ಗುದದ್ವಾರದಲ್ಲಿ, ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ನಾಯಿ ಚೆನ್ನಾಗಿರುವ ದಿನವೇ ಒಂದೆರಡು ಸಲ ಮಾಡಿ ಅಭ್ಯಾಸ ಮಾಡಿಸಿದರೆ ತುರ್ತಿನ ಹೊತ್ತಿಗೆ ಗುದ್ದಾಟ ಇರುವುದಿಲ್ಲ.

ನಿಮ್ಮ ನಾಯಿ ಯಾವ ಸಾಲಿನಲ್ಲಿದೆ

ಎಲ್ಲ ನಾಯಿಗೂ ಒಂದೇ ನಿಯಮ ಹೊಂದುವುದಿಲ್ಲ. ಮೂತಿ ಚಪ್ಪಟೆ ಇರುವ ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಪೆಕಿಂಗೀಸ್, ಶಿಟ್ಜು, ಬಾಕ್ಸರ್ ಇವಕ್ಕೆಲ್ಲ ಗಾಳಿ ಹೋಗುವ ದಾರಿಯೇ ಇಕ್ಕಟ್ಟು. ತೇಕಿ ತಣ್ಣಗಾಗಬೇಕಾದ ಪ್ರಾಣಿಗೆ ತೇಕುವುದೇ ಒಂದು ಕಸರತ್ತಾದರೆ ಆ ಕಸರತ್ತಿನಿಂದಲೇ ಮೈ ಇನ್ನಷ್ಟು ಬಿಸಿಯಾಗುತ್ತದೆ. ಗೊರಕೆ ಹೊಡೆಯುತ್ತಾ ನಡೆಯುವ ಪಗ್ ಮುದ್ದಾಗಿ ಕಾಣಬಹುದು. ಆ ಗೊರ ಗೊರ ಸದ್ದು ಅದರ ಉಸಿರಾಟದ ತೊಂದರೆ, ಮುದ್ದು ಅಲ್ಲ. ಇಂಥ ನಾಯಿಗಳ ಮಟ್ಟಿಗೆ ಸೆಕೆಗಾಲದ ವಾಕಿಂಗ್ ಅಂದರೆ ಹೊರಗೆ ಹೋಗಿ ಮೂತ್ರ, ಮಲ ಮುಗಿಸಿ ಬರುವಷ್ಟೇ.

ಮೈ ಬಂದ ನಾಯಿಗಳು ಇನ್ನೊಂದು ಸಾಲು. ಚರ್ಮದ ಕೆಳಗಿನ ಕೊಬ್ಬು ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಕತ್ತಿನ ಸುತ್ತಲಿನ ಕೊಬ್ಬು ಉಸಿರಿಗೆ ಅಡ್ಡ ಬರುತ್ತದೆ. ತೀರಾ ಎಳೆಯ ಮರಿಗಳು, ವಯಸ್ಸಾದವು, ಹೃದಯದ ತೊಂದರೆ ಇರುವವು, ಚೌ ಚೌ, ಹಸ್ಕಿಯಂಥ ದಟ್ಟ ಕೂದಲಿನವು ಕೂಡ ಇದೇ ಪಟ್ಟಿಯಲ್ಲಿ ಬರುತ್ತವೆ. ವಯಸ್ಸಾದ ಲ್ಯಾಬ್ರಡಾರ್ ಇದ್ದವರಿಗೆ ಒಂದು ಕಿವಿಮಾತು: ಅದರ ಬೊಗಳು ಈಚೆಗೆ ಒಡೆದು ಗೊಗ್ಗರಾಗಿದ್ದರೆ, ಉಸಿರೆಳೆದಾಗ ಕರಕರ ಸದ್ದು ಬರುತ್ತಿದ್ದರೆ ಬೇಸಿಗೆಗೆ ಮುಂಚೆಯೇ ಡಾಕ್ಟರಿಗೆ ತೋರಿಸಿ. ಗಂಟಲಿನ ಧ್ವನಿಪೆಟ್ಟಿಗೆ ಸರಿಯಾಗಿ ತೆರೆಯದಿರುವ ತೊಂದರೆ ಈ ತಳಿಯ ಮುದಿ ನಾಯಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸೆಕೆಯಲ್ಲಿ ಅದು ಏಕಾಏಕಿ ಉಲ್ಬಣಿಸುತ್ತದೆ.

ಗಟ್ಟಿಮುಟ್ಟಾದ ಎಳೆ ವಯಸ್ಸಿನ ನಾಯಿಗೆ ಏನೂ ಆಗಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಓಡಿ ಓಡಿ ಬೀಳುವವರಲ್ಲಿ ಜಾಸ್ತಿ ಇರುವುದು ಇವೇ.

ವಾಕಿಂಗ್: ಗಡಿಯಾರಕ್ಕಿಂತ ನೆಲ ನೋಡಿ

ಬೆಳಗ್ಗೆ ಬೇಗ ಅಥವಾ ಕತ್ತಲಾದ ಮೇಲೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಎರಡರಲ್ಲಿ ಒಂದೇ ಆರಿಸಿಕೊಳ್ಳಿ ಅಂದರೆ ನಾನು ಬೆಳಗನ್ನೇ ಆರಿಸಿಕೊಳ್ಳುತ್ತೇನೆ. ಸೂರ್ಯ ಮುಳುಗಿದರೂ ಡಾಂಬರು, ಕಾಂಕ್ರೀಟು ದಿನವಿಡೀ ಹೀರಿಕೊಂಡ ಬಿಸಿಯನ್ನು ಗಂಟೆಗಟ್ಟಲೆ ಉಗುಳುತ್ತಲೇ ಇರುತ್ತವೆ. ನಮ್ಮ ಮೂಗು ಇರುವುದು ನೆಲದಿಂದ ಐದಡಿ ಮೇಲೆ, ಕಾಲಲ್ಲಿ ಚಪ್ಪಲಿ ಬೇರೆ. ನಾಯಿಯ ಹೊಟ್ಟೆ ಆ ಝಳಕ್ಕೆ ಒಂದಡಿ ದೂರದಲ್ಲಿರುತ್ತದೆ.

ನೇರ ಬಿಸಿಲು ಬೀಳುವ ಡಾಂಬರು, ಗಾಳಿಯ ಬಿಸಿ 25 ಡಿಗ್ರಿ ಇದ್ದಾಗಲೇ 50 ಡಿಗ್ರಿ ದಾಟಬಲ್ಲದು. 30ರ ಆಸುಪಾಸಿನಲ್ಲಿ 60ರ ಹತ್ತಿರ ಹೋಗುತ್ತದೆ. 50 ದಾಟಿದ ನೆಲ ಒಂದು ನಿಮಿಷದಲ್ಲಿ ಚರ್ಮ ಸುಡುತ್ತದೆ. ಹೊರಡುವ ಮುಂಚೆ ಬಗ್ಗಿ, ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿಯಿರಿ. ಅಂಗೈ ಒರಟು, ಹಿಂಭಾಗಕ್ಕೆ ಬಿಸಿ ಚೆನ್ನಾಗಿ ತಿಳಿಯುತ್ತದೆ. ಏಳು ಸೆಕೆಂಡು ಎಣಿಸುವಷ್ಟರಲ್ಲಿ ಕೈ ತೆಗೆದುಬಿಡಬೇಕು ಅನ್ನಿಸಿದರೆ ಆ ರಸ್ತೆಯಲ್ಲಿ ನಾಯಿಯನ್ನು ನಡೆಸಬೇಡಿ. ಮಣ್ಣು, ಹುಲ್ಲು ಇರುವ ಕಡೆ ಹೋಗಿ. ಒಣ ಮರಳು ಡಾಂಬರಿನಷ್ಟೇ ಕಾಯುತ್ತದೆ ಅನ್ನುವುದನ್ನು ಕಡಲ ತೀರಕ್ಕೆ ಹೋಗುವವರು ನೆನಪಿಡಬೇಕು. ಲೋಹದ ಮುಚ್ಚಳ, ಪಿಕಪ್ ಗಾಡಿಯ ತಗಡಿನ ನೆಲ ಇನ್ನೂ ಅಪಾಯ.

ಅಂಗಾಲು ಸುಟ್ಟ ನಾಯಿ ಕುಂಟುತ್ತದೆ, ನಡೆಯಲು ಒಲ್ಲೆ ಅನ್ನುತ್ತದೆ, ಮನೆಗೆ ಬಂದ ಮೇಲೆ ಪಾದ ನೆಕ್ಕುತ್ತಲೇ ಇರುತ್ತದೆ. ಎತ್ತಿ ನೋಡಿದರೆ ಬಣ್ಣ ಕಪ್ಪಾಗಿರುವುದು, ಗುಳ್ಳೆ, ಸಿಪ್ಪೆ ಎದ್ದಿರುವುದು ಕಾಣುತ್ತದೆ. ತಣ್ಣೀರು ಸುರಿಯಿರಿ, ನೆಕ್ಕದ ಹಾಗೆ ನೋಡಿಕೊಂಡು ಡಾಕ್ಟರಿಗೆ ತೋರಿಸಿ. ನಾಯಿಗೆ ಹಾಕುವ ಬೂಟುಗಳು ಸಿಗುತ್ತವೆ, ಕೆಲವು ನಾಯಿ ಒಗ್ಗಿಕೊಳ್ಳುತ್ತವೆ. ಬಹುಪಾಲು ನಾಯಿ ನಾಲ್ಕು ಹೆಜ್ಜೆಗೇ ಕಿತ್ತೆಸೆಯುತ್ತವೆ. ಬೂಟು ಹುಡುಕುವುದಕ್ಕಿಂತ ಹೊತ್ತು ಬದಲಾಯಿಸುವುದು ಸುಲಭ.

ಇನ್ನೊಂದು ಸಣ್ಣ ವಿಷಯ. ಮೂತಿಗೆ ಬುಟ್ಟಿ ಕಟ್ಟುವ ಅಭ್ಯಾಸ ಇದ್ದರೆ, ಬಾಯಿ ಪೂರ್ತಿ ತೆರೆದು ತೇಕಲು ಬಿಡುವ, ನೀರು ಕುಡಿಯಲು ಬರುವ ಜಾಲರಿ ಬುಟ್ಟಿಯನ್ನೇ ಬಳಸಿ. ಬಾಯಿಯನ್ನು ಬಿಗಿದು ಹಿಡಿಯುವ ಬಟ್ಟೆಯ ಪಟ್ಟಿ ಸೆಕೆಯಲ್ಲಿ ಬೇಡವೇ ಬೇಡ.

ಆಟ ಎಲ್ಲಿಗೆ ನಿಲ್ಲಿಸಬೇಕು

ಓಡುವ ಸ್ನಾಯು ಬಳಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಶಾಖವಾಗುತ್ತದೆ. ಅಂದರೆ ನಾಯಿಯನ್ನು ಬಿಸಿ ಮಾಡುವುದು ಬಿಸಿಲೊಂದೇ ಅಲ್ಲ, ಅದರ ಸ್ವಂತ ಮೈ ಕೂಡ. ಅದಕ್ಕೇ ಸಂಜೆ ಹೊತ್ತು, ನೆರಳಿನಲ್ಲಿ ಆಡಿಸಿದರೂ ನಾಯಿ ಬೀಳಬಹುದು. ಅದರಲ್ಲೂ ಚೆಂಡು ಎಸೆಯುವ ಆಟ ಕೆಟ್ಟದ್ದು. ಪ್ರತಿ ಸಲವೂ ಅದು ಪೂರ್ತಿ ವೇಗದ ಓಟ, ನಡುವೆ ಬಿಡುವಿಲ್ಲ, ಬಾಯಲ್ಲಿ ಚೆಂಡು ಇರುವುದರಿಂದ ತೇಕುವುದಕ್ಕೂ ಅಡ್ಡಿ. ಸೈಕಲ್ ಜೊತೆ ಓಡಿಸುವುದು ಇದಕ್ಕಿಂತ ಕೆಟ್ಟದ್ದು. ಚೆಂಡು ತರುವ ನಾಯಿ ಒಂದೊಂದು ಸಲವಾದರೂ ದಾರಿ ತಪ್ಪಿ ನೆರಳಿನಲ್ಲಿ ನಿಲ್ಲಬಹುದು, ಸೈಕಲ್ಲಿಗೆ ಕಟ್ಟಿದ ನಾಯಿಗೆ ಅದೂ ಆಗುವುದಿಲ್ಲ.

ನಾಲಿಗೆ ನೋಡುವುದನ್ನು ಕಲಿಯಿರಿ. ಹಿತವಾಗಿ ತೇಕುವ ನಾಯಿಯ ನಾಲಿಗೆ ಬಾಯಿಂದ ಸ್ವಲ್ಪವೇ ಹೊರಗಿರುತ್ತದೆ, ತುದಿ ಸಣ್ಣಗಿರುತ್ತದೆ. ಮಧ್ಯೆ ಬಾಯಿ ಮುಚ್ಚಿ ಏನನ್ನಾದರೂ ಮೂಸುತ್ತದೆ. ಮೈ ಬಿಸಿ ಏರುತ್ತಾ ಹೋದ ಹಾಗೆ ನಾಲಿಗೆ ಉದ್ದವಾಗಿ ಜೋತುಬೀಳುತ್ತದೆ, ತುದಿ ಸೌಟಿನ ಹಾಗೆ ಅಗಲವಾಗಿ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಬಾಯಿಯ ಮೂಲೆಗಳು ಹಿಂದಕ್ಕೆ ಎಳೆದುಕೊಂಡು ಹಿಂದಿನ ದವಡೆ ಹಲ್ಲು ಕಾಣುತ್ತದೆ. ಬಾಯಿ ಮುಚ್ಚುವುದೇ ಇಲ್ಲ. ಇದು ನಗು ಅಂತ ಫೋಟೋ ತೆಗೆಯುವವರಿದ್ದಾರೆ! ಆಟ ನಿಲ್ಲಿಸಬೇಕಾದ್ದು ಇಲ್ಲಿ. ಇದಕ್ಕಿಂತ ಮುಂಚೆಯೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಚೆಂಡು ತಂದು ಕಾಲ ಬುಡಕ್ಕೆ ಹಾಕುವ ಬದಲು ದೂರದಲ್ಲೇ ಬಿಟ್ಟು ನಿಲ್ಲುವುದು, ವಾಪಸ್ ಬರುವಾಗ ವೇಗ ತಗ್ಗುವುದು, ನೆರಳು ಕಂಡಲ್ಲಿ ಮಲಗಲು ನೋಡುವುದು ಇವೆಲ್ಲ ಅದರ ಕಡೆಯಿಂದ ಬರುವ ಸೂಚನೆ. ‘ಸೋಮಾರಿ’ ಅಂತ ರೇಗಿಸಿ ಎಬ್ಬಿಸಬೇಡಿ. ನಿಲ್ಲಿಸಿದ ಮೇಲೆ ನೀರು ಕೊಡಿ, ನೆರಳಿನಲ್ಲಿ ಬಿಡಿ. ಹತ್ತು ನಿಮಿಷದಲ್ಲಿ ತೇಕು ಇಳಿಯುತ್ತಾ ಬರಬೇಕು. ಇಳಿಯದೆ ಹಾಗೇ ಮುಂದುವರಿದರೆ ಕೆಳಗೆ ಹೇಳಿರುವ ತಂಪು ಮಾಡುವ ಕೆಲಸ ಶುರು ಮಾಡಿ.

ಬೇಸಿಗೆಯ ಮೊದಲ ಬಿಸಿ ದಿನಗಳಲ್ಲಿ ಇನ್ನೂ ಹುಷಾರಾಗಿರಿ. ಸೆಕೆಗೆ ಮೈ ಒಗ್ಗಿಕೊಳ್ಳಲು ವಾರಗಳೇ ಬೇಕು. ನಿನ್ನೆವರೆಗೂ ತಂಪಿತ್ತು, ಇವತ್ತು ದಿಢೀರನೆ ಐದಾರು ಡಿಗ್ರಿ ಏರಿತು ಅನ್ನುವಾಗ ಎಂದಿನ ದೂರ ಹೋಗಬೇಡಿ. ಇಡೀ ದಿನ ಎಸಿ ಕೋಣೆಯಲ್ಲಿರುವ ನಾಯಿಗೆ ಬೇಸಿಗೆಯ ಪ್ರತಿ ದಿನವೂ ಮೊದಲ ದಿನವೇ.

ಹಾಗಂತ ನಾಯಿಗೆ ಬೇಜಾರಾಗಬಾರದು ಅಲ್ವಾ? ಮೂಗಿಗೆ ಕೆಲಸ ಕೊಡಿ. ಮನೆಯೊಳಗೆ ತಿಂಡಿಯ ಚೂರುಗಳನ್ನು ಬಚ್ಚಿಟ್ಟು ಹುಡುಕಿಸಿ, ಹಳೆ ಟವೆಲ್‌ನಲ್ಲಿ ಸುತ್ತಿಟ್ಟು ಬಿಡಿಸಲು ಬಿಡಿ. ಕಾಲು ಗಂಟೆ ಹೀಗೆ ಮೂಸಿ ಹುಡುಕಿದ ನಾಯಿ ತೃಪ್ತಿಯಾಗಿ ಮಲಗುತ್ತದೆ. ಒಂದೆರಡು ದಿನ ವಾಕಿಂಗ್ ತಪ್ಪಿದರೆ ಯಾವ ನಾಯಿಗೂ ಏನೂ ಆಗುವುದಿಲ್ಲ.

ಮನೆಯಲ್ಲಿ: ನೆಲ, ನೆರಳು, ನೀರು

ಮಲಗುವ ಜಾಗವನ್ನು ನಾಯಿಯೇ ಆರಿಸಿಕೊಳ್ಳಲಿ. ಮೆತ್ತನೆ ಹಾಸಿಗೆ ಬಿಟ್ಟು ಬಚ್ಚಲ ಬಾಗಿಲಲ್ಲಿ, ಹಿಂಗಾಲು ಹಿಂದಕ್ಕೆ ಚಾಚಿ ಹೊಟ್ಟೆ ನೆಲಕ್ಕೆ ಅಂಟಿಸಿಕೊಂಡು ಬಿದ್ದಿದ್ದರೆ ಎಬ್ಬಿಸಬೇಡಿ. ಹೊಟ್ಟೆ, ತೊಡೆಸಂದಿನಲ್ಲಿ ಕೂದಲು ಕಡಿಮೆ. ತಣ್ಣನೆ ನೆಲ ಆ ಭಾಗದಿಂದ ಬಿಸಿ ಎಳೆದುಕೊಳ್ಳುತ್ತದೆ. ತೋಟದಲ್ಲಿ ಗುಂಡಿ ತೋಡಿ ಮಲಗುವುದೂ ಇದೇ ಕಾರಣಕ್ಕೆ. ಗಿಡ ಹಾಳಾಯಿತು ಅಂತ ಬಯ್ಯುವ ಮುಂಚೆ ಅದಕ್ಕೊಂದು ಬೇರೆ ಮೂಲೆ ತೋರಿಸಿ, ಆ ಮಣ್ಣಿಗೆ ನೀರು ಚಿಮುಕಿಸಿಡಿ.

ಹೊರಗೆ ಕಟ್ಟುವ ನಾಯಿಯ ವಿಷಯದಲ್ಲಿ ನೆರಳು ಅನ್ನುವುದು ಚಲಿಸುವ ವಸ್ತು. ಬೆಳಗ್ಗೆ ನೀವು ಕಟ್ಟಿದಾಗ ಇದ್ದ ನೆರಳು ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿರುತ್ತದೆ ಅಂತ ರಜೆಯ ದಿನ ಒಮ್ಮೆ ಹೋಗಿ ನೋಡಿ. ಚೈನಿನ ಉದ್ದಕ್ಕೆ ಅದು ಸಿಗುತ್ತದೆಯೇ, ನೀರಿನ ಬಟ್ಟಲು ಬಿಸಿಲಿಗೆ ಬಿದ್ದಿದೆಯೇ ಅನ್ನುವುದೂ ಆಗಲೇ ತಿಳಿಯುತ್ತದೆ. ತಗಡಿನ ಚಾವಣಿಯ ನಾಯಿಗೂಡು ನೆರಳು ಅಲ್ಲ, ಒಲೆ. ಗಾಳಿಯಾಡದ ಮರದ ಗೂಡೂ ಅಷ್ಟೇನೂ ಒಳ್ಳೆಯದಲ್ಲ. ಮರದ ನೆರಳಿಗೆ ಸಮ ಯಾವುದೂ ಇಲ್ಲ. ಅದಿಲ್ಲದಿದ್ದರೆ ನಾಲ್ಕೂ ಕಡೆ ಗಾಳಿಯಾಡುವ ಹಾಗೆ ಎತ್ತರದಲ್ಲಿ ಕಟ್ಟಿದ ದಪ್ಪ ಬಟ್ಟೆ ಅಥವಾ ನೆರಳು ಬಲೆ. ಬಿಸಿ ತೀರಾ ಏರುವ ದಿನ ಕಟ್ಟಿಹಾಕುವುದನ್ನೇ ಬಿಟ್ಟು ಒಳಗೆ ಕರೆದುಕೊಳ್ಳಿ.

ನೀರಿಗೆ ಸಾಮಾನ್ಯ ಲೆಕ್ಕ, ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್. ಹತ್ತು ಕಿಲೋ ನಾಯಿಗೆ ಅರ್ಧ ಲೀಟರಿಗೆ ಮೇಲೆ. ಸೆಕೆಯಲ್ಲಿ ಇದು ಇನ್ನೂ ಏರುತ್ತದೆ. ಒಣ ಆಹಾರ ತಿನ್ನುವ ನಾಯಿಗೆ ಇನ್ನಷ್ಟು ಬೇಕು. ಒಂದೇ ಬಟ್ಟಲು ಇಡಬೇಡಿ, ಒಂದು ಮಗುಚಿಬಿದ್ದರೆ ಇನ್ನೊಂದು ಇರಲಿ. ಭಾರವಾದ, ಅಗಲ ತಳದ ಪಾತ್ರೆ ಒಳ್ಳೆಯದು. ಸ್ಟೀಲ್ ಬಟ್ಟಲು ಬಿಸಿಲಿನಲ್ಲಿ ಬಾಯಿಡಲಾರದಷ್ಟು ಕಾಯುತ್ತದೆ. ದಿನಕ್ಕೆ ಎರಡು ಮೂರು ಸಲ ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ತುಂಬಿಸಿ. ಲೋಳೆ ಕಟ್ಟಿದ ಬಟ್ಟಲಿನ ನೀರನ್ನು ಎಷ್ಟೋ ನಾಯಿಗಳು ಮುಟ್ಟುವುದಿಲ್ಲ.

ಐಸ್ ನೀರು ಕುಡಿದರೆ ನಾಯಿ ಸತ್ತೇ ಹೋಗುತ್ತದೆ ಅನ್ನುವ ಮಾತು ಪ್ರತಿ ಬೇಸಿಗೆಯಲ್ಲೂ ಹರಿದಾಡುತ್ತದೆ. ಅದಕ್ಕೆ ಆಧಾರವಿಲ್ಲ. ನೀರಿಗೆ ಎರಡು ಐಸ್ ತುಂಡು ಹಾಕಬಹುದು. ಆಡಿ ಬಂದ ಕೂಡಲೇ ಗಟಗಟನೆ ಒಂದು ಬಕೆಟ್ ನೀರು ಕುಡಿಯಲು ಬಿಡಬೇಡಿ, ತಣ್ಣೀರಾದರೂ ಸರಿ, ಉಗುರು ಬೆಚ್ಚಗಿನದಾದರೂ ಸರಿ. ಸ್ವಲ್ಪ ಕುಡಿದು, ಸುಧಾರಿಸಿಕೊಂಡು, ಮತ್ತೆ ಕುಡಿಯಲಿ.

ಪುಟ್ಟ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ತುಂಬಿಟ್ಟರೆ ತುಂಬಾ ನಾಯಿಗಳು ತಾವಾಗಿಯೇ ಹೋಗಿ ಕೂರುತ್ತವೆ. ಪೈಪಿನಿಂದ ನೀರು ಹಾಯಿಸುವವರು ಮೊದಲ ಅರ್ಧ ನಿಮಿಷದ ನೀರನ್ನು ಗಿಡಕ್ಕೂ ಬಿಡದೆ ಹೊರಗೆ ಚೆಲ್ಲಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಚರ್ಮ ಬೇಯುವಷ್ಟು ಕಾದಿರುತ್ತದೆ. ಕೆರೆ, ಹೊಂಡದಲ್ಲಿ ಈಜಿಸುವುದಾದರೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಇದೆಯೇ ನೋಡಿ. ಬೇಸಿಗೆಯ ನಿಂತ ನೀರಿನಲ್ಲಿ ಬೆಳೆಯುವ ಕೆಲವು ಪಾಚಿಗಳ ವಿಷ ನಾಯಿಯನ್ನು ಗಂಟೆಗಳೊಳಗೆ ಕೊಲ್ಲಬಲ್ಲದು.

ಕೂಲಿಂಗ್ ಮ್ಯಾಟ್, ಒದ್ದೆ ಮಾಡಿ ಹಾಕುವ ಕೂಲಿಂಗ್ ಜಾಕೆಟ್ ಇವುಗಳ ಬಗ್ಗೆ ಜನ ಕೇಳುತ್ತಾರೆ. ಮ್ಯಾಟ್ ಪರವಾಗಿಲ್ಲ, ಕಚ್ಚಿ ಹರಿಯುವ ನಾಯಿಗೆ ಬೇಡ. ಜಾಕೆಟ್ ಒದ್ದೆ ಇರುವಷ್ಟು ಹೊತ್ತು ಮಾತ್ರ ಉಪಯೋಗ. ಒಣಗಿತೆಂದರೆ ಅದೊಂದು ಹೆಚ್ಚುವರಿ ಅಂಗಿ, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಒಂದು ತಣ್ಣನೆ ಟೈಲ್ಸ್ ನೆಲ, ಒಂದು ಫ್ಯಾನ್ ಇದ್ದ ಮನೆಗೆ ಇವೆರಡೂ ಅಷ್ಟೇನೂ ಅವಶ್ಯಕವಲ್ಲ.

ಬೋಳಿಸಬೇಕೇ?

ಹಸ್ಕಿ, ಪೊಮೆರೇನಿಯನ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಇವಕ್ಕೆ ಎರಡು ಪದರದ ಕೂದಲು. ಬೋಳಿಸಬೇಡಿ. ಮೇಲಿನ ಪದರ ಬಿಸಿಲನ್ನು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೆಲವು ನಾಯಿಗಳಿಗೆ ಕೂದಲು ಮತ್ತೆ ಮೊದಲಿನಂತೆ ಬರುವುದೇ ಇಲ್ಲ. ಮಾಡಬೇಕಾದ್ದು ಬಾಚುವುದು. ಒಳಪದರದ ಸತ್ತ ಕೂದಲು ಗಂಟು ಕಟ್ಟಿಕೊಂಡಿದ್ದರೆ ಗಾಳಿಯಾಡುವುದಿಲ್ಲ. ವಾರಕ್ಕೆ ಮೂರ್ನಾಲ್ಕು ಸಲ ಒಳಪದರದವರೆಗೆ ಬಾಚಿ ತೆಗೆದರೆ ಚೀಲ ತುಂಬ ಕೂದಲು ಬರುತ್ತದೆ, ನಾಯಿಯೂ ಹಗುರಾಗುತ್ತದೆ. ಶಿಟ್ಜು, ಪೂಡಲ್‌ನಂಥ ಬೆಳೆಯುತ್ತಲೇ ಇರುವ ಕೂದಲಿನ ನಾಯಿಗಳಿಗೆ ಕತ್ತರಿಸಿ ಗಿಡ್ಡ ಮಾಡಬಹುದು. ಚರ್ಮ ಕಾಣುವಷ್ಟು ಬೇಡ, ಒಂದು ಇಂಚಾದರೂ ಇರಲಿ.

ಬಿಳಿ ನಾಯಿಗಳ ಮೂಗಿನ ಮೇಲ್ಭಾಗ, ಕಿವಿಯ ತುದಿ ಬಿಸಿಲಿಗೆ ಸುಡುತ್ತವೆ. ನಾವು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಅದಕ್ಕೆ ಹಚ್ಚಬೇಡಿ. ಅದರಲ್ಲಿರುವ ಜಿಂಕ್ ಆಕ್ಸೈಡ್ ನೆಕ್ಕಿದರೆ ವಿಷ. ನಾಯಿಗಳಿಗೆಂದೇ ಮಾಡಿದ್ದನ್ನು ಡಾಕ್ಟರನ್ನು ಕೇಳಿ ತನ್ನಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಯಲ್ಲಿ ಸ್ವಲ್ಪ ಕಡಿಮೆ ತಿನ್ನುವುದು ಸಹಜ. ತಂಪು ಹೊತ್ತಿನಲ್ಲಿ ಹಾಕಿ, ಹಸಿ ಆಹಾರ ಮಿಕ್ಕಿದರೆ ಬೇಗ ಎತ್ತಿಡಿ. ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿ ಚೂರು, ಸೌತೆಕಾಯಿ ಕೊಡಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಹಾಕಿದ ಸಕ್ಕರೆರಹಿತ ತಿನಿಸು ವಿಷ, ಐಸ್‌ಕ್ರೀಮ್ ರೂಪದಲ್ಲಿದ್ದರೂ ವಿಷವೇ. ಎರಡು ದಿನ ಏನೂ ಮುಟ್ಟದಿದ್ದರೆ ಅದು ಸೆಕೆಯ ಮಾತಲ್ಲ, ಡಾಕ್ಟರಿಗೆ ತೋರಿಸಿ.

ಕಾರು

ಹೊರಗೆ ಹಿತವಾದ 24 ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 34, ಅರ್ಧ ಗಂಟೆಯಲ್ಲಿ 43ರ ಹತ್ತಿರ. ಗಾಜು ಎರಡು ಬೆರಳು ಇಳಿಸಿಟ್ಟರೆ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗುವುದಿಲ್ಲ. ‘ಒಂದೇ ನಿಮಿಷ ಬರ್ತೀನಿ’ ಅಂತ ಅಂಗಡಿಗೆ ಹೋದವರು ಸಾಲಿನಲ್ಲಿ ನಿಲ್ಲುತ್ತಾರೆ, ಪರಿಚಯದವರು ಸಿಗುತ್ತಾರೆ. ಎಸಿ ಹಾಕಿಟ್ಟು ಹೋಗುವುದೂ ಬೇಡ, ಎಂಜಿನ್ ಆಫ್ ಆದರೆ ಹೇಳುವವರು ಯಾರು? ಪ್ರಯಾಣಕ್ಕೆ ಹೊರಡುವಾಗ ಮೊದಲು ಕಾರನ್ನು ತಂಪು ಮಾಡಿ, ಆಮೇಲೆ ನಾಯಿಯನ್ನು ಹತ್ತಿಸಿ. ಹಿಂದಿನ ಸೀಟಿನವರೆಗೆ ಎಸಿ ಗಾಳಿ ಹೋಗುತ್ತದೆಯೇ ಅಂತ ಕೈಯಿಟ್ಟು ನೋಡಿ. ಪಂಜರದಲ್ಲಿ ಕೂರಿಸುವುದಾದರೆ ಅದರ ಮೇಲೆ ಬಟ್ಟೆ ಹೊದಿಸಬೇಡಿ.

ಕೈಮೀರುತ್ತಿದೆ ಅಂತ ತಿಳಿಯುವುದು ಹೇಗೆ

ನೆರಳಿಗೆ ಬಂದರೂ ನಿಲ್ಲದ ತೇಕು. ಹಗ್ಗದಂತೆ ಇಳಿಬಿಡುವ ದಪ್ಪ, ಅಂಟು ಜೊಲ್ಲು. ಮೇಲ್ದುಟಿ ಎತ್ತಿ ನೋಡಿದರೆ ಕೆಂಪು ಕೆಂಪಾಗಿ ಹೊಳೆಯುವ ವಸಡು. ಸಹಜವಾದ ವಸಡು ತಿಳಿ ಗುಲಾಬಿ, ಮುಟ್ಟಿದರೆ ಜಾರುವಷ್ಟು ಒದ್ದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣಕ್ಕೆ ತಿರುಗುತ್ತದೆ. (ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳಲ್ಲಿ ಕೆಳಗಿನ ರೆಪ್ಪೆಯ ಒಳಭಾಗ ನೋಡಿ.) ವಾಂತಿ, ಭೇದಿ, ಕುಡಿದವರಂತೆ ತೂರಾಡುವುದು, ಹೆಸರು ಕರೆದರೆ ತಿರುಗದಿರುವುದು ಬಂದರೆ ಹೀಟ್ ಸ್ಟ್ರೋಕ್ ಅಂತಲೇ ತಿಳಿಯಿರಿ. ವಸಡು ಬಿಳಿಚುವುದು ಅಥವಾ ನೀಲಿಗಟ್ಟುವುದು, ಕುಸಿದು ಬೀಳುವುದು, ಫಿಟ್ಸ್ ಇನ್ನೂ ಮುಂದಿನ ಹಂತ.

ಇವೆಲ್ಲ ಒಂದೊಂದಾಗಿ, ಸಾಲಾಗಿ ಬರುತ್ತವೆ ಅಂತ ಕಾಯಬೇಡಿ. ಥರ್ಮಾಮೀಟರ್ ಹುಡುಕುತ್ತಾ ಹೊತ್ತು ಕಳೆಯುವುದೂ ಬೇಡ.

ಮೊದಲು ತಂಪು, ಆಮೇಲೆ ಆಸ್ಪತ್ರೆ

ಇಲ್ಲಿ ಎಲ್ಲರೂ ಮಾಡುವುದು ಒಂದೇ: ನಾಯಿಯನ್ನು ಎತ್ತಿಕೊಂಡು ಕಾರಿಗೆ ಓಡುವುದು. ತಪ್ಪು ಅನ್ನಲು ಮನಸ್ಸು ಬರುವುದಿಲ್ಲ, ಆದರೆ ದಾರಿಯಲ್ಲಿ ಕಳೆಯುವ ಆ ಇಪ್ಪತ್ತು ನಿಮಿಷ ನಾಯಿಯ ಒಳಗೆ ಬಿಸಿ ಹಾಗೇ ಕುದಿಯುತ್ತಿರುತ್ತದೆ. ಎಷ್ಟು ಹೊತ್ತು ಬಿಸಿ ಇತ್ತು ಅನ್ನುವುದರ ಮೇಲೆಯೇ ನಾಯಿ ಉಳಿಯುವುದು ನಿಂತಿದೆ. ಹಾಗಾಗಿ ಬಿದ್ದ ಜಾಗದಲ್ಲೇ ತಂಪು ಮಾಡಲು ಶುರು ಮಾಡಿ.

ನೆರಳಿಗೆ ತನ್ನಿ. ಬೆಲ್ಟ್, ಜಾಕೆಟ್ ಬಿಚ್ಚಿ. ಕೈಗೆ ಸಿಕ್ಕ ನೀರು ಸುರಿಯಿರಿ, ನಲ್ಲಿ ನೀರು, ಬಾಟಲಿ ನೀರು, ಯಾವುದಾದರೂ ಆಗುತ್ತದೆ. ನಾಯಿಯ ಮೈಗಿಂತ ತಣ್ಣಗಿದ್ದರೆ ಸಾಕು. ಚಿಮುಕಿಸುವುದಲ್ಲ, ಕೂದಲು ಸೀಳಿ ಚರ್ಮ ಒದ್ದೆಯಾಗುವ ಹಾಗೆ ಹೊಟ್ಟೆ, ತೊಡೆಸಂದು, ಕಂಕುಳು, ಕತ್ತಿಗೆ ಸುರಿಯಬೇಕು, ಸುರಿಯುತ್ತಲೇ ಇರಬೇಕು. ಇನ್ನೊಬ್ಬರು ಇದ್ದರೆ ಫ್ಯಾನ್ ತರಲಿ, ಇಲ್ಲದಿದ್ದರೆ ರಟ್ಟಿನಿಂದ ಬೀಸಲಿ. ನೀರು ಮತ್ತು ಗಾಳಿ ಎರಡೂ ಸೇರಿದಾಗಲೇ ಬಿಸಿ ಇಳಿಯುವುದು. ಮೂರನೆಯವರಿದ್ದರೆ ಆಸ್ಪತ್ರೆಗೆ ಫೋನ್ ಮಾಡಲಿ. ಎಳೆ ವಯಸ್ಸಿನ, ಬೇರೆ ಕಾಯಿಲೆ ಇಲ್ಲದ ನಾಯಿ ಓಡಿ ಓಡಿ ಬಿದ್ದಿದ್ದರೆ, ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ ಹಿಡಿಯುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ತಲೆಯನ್ನು ನೀರಿನಿಂದ ಮೇಲೆ ಹಿಡಿದಿರಬೇಕು. ವಯಸ್ಸಾದ, ಕಾಯಿಲೆಯ ಅಥವಾ ಪ್ರಜ್ಞೆ ತಪ್ಪಿದ ನಾಯಿಗೆ ಮುಳುಗಿಸುವುದು ಬೇಡ, ಸುರಿಯುವುದು ಮತ್ತು ಗಾಳಿಯೇ ಸಾಕು.

ಒದ್ದೆ ಟವೆಲ್ ಹೊದಿಸುವುದು ತುಂಬಾ ಜನರಿಗೆ ಗೊತ್ತಿರುವ ಉಪಾಯ. ಬಿಟ್ಟುಬಿಡಿ. ಟವೆಲ್ ನಿಮಿಷಗಳಲ್ಲೇ ಮೈಯ ಬಿಸಿಗೆ ಕಾಯುತ್ತದೆ, ಗಾಳಿಯನ್ನು ತಡೆಯುತ್ತದೆ. ಹಾಕಲೇಬೇಕು ಅಂದರೆ ಅಡಿಗೆ ಹಾಸಿ. ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾನಾಗಿ ನೆಕ್ಕಿದರೆ ಸ್ವಲ್ಪ ಸ್ವಲ್ಪ ಕುಡಿಯಲಿ. ನಮ್ಮ ಜ್ವರದ ಮಾತ್ರೆ ಕೊಡಲೇಬೇಡಿ. ಹೀಟ್ ಸ್ಟ್ರೋಕ್ ಜ್ವರವಲ್ಲ, ಮಾತ್ರೆಯಿಂದ ಬಿಸಿ ಇಳಿಯುವುದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಲಿವರ್, ಕಿಡ್ನಿ ಹಾಳು ಮಾಡಬಲ್ಲವು.

ತೇಕು ನಿಧಾನವಾಗಿ ಇಳಿಯುತ್ತಾ ಬಂದರೆ, ಥರ್ಮಾಮೀಟರ್ ಕೈಯಲ್ಲಿದ್ದು 39.5 ತೋರಿಸಿದರೆ ನೀರು ಸುರಿಯುವುದು ನಿಲ್ಲಿಸಿ. ಅದಕ್ಕೂ ಮೀರಿ ಮುಂದುವರಿಸಿದರೆ ಮೈ ಬಿಸಿ ತೀರಾ ಕೆಳಗೆ ಜಾರುತ್ತದೆ, ನಡುಕ ಬರುತ್ತದೆ. ಈಗ ಆಸ್ಪತ್ರೆಗೆ ಹೊರಡಿ. ಒದ್ದೆ ಮೈಯಲ್ಲೇ, ಎಸಿ ಹಾಕಿ ಅಥವಾ ಕಿಟಕಿ ಪೂರ್ತಿ ಇಳಿಸಿ.

‘ಎದ್ದು ಓಡಾಡ್ತಿದೆ, ನೀರೂ ಕುಡೀತು, ಇನ್ಯಾಕೆ ಡಾಕ್ಟರು’ ಅಂತ ಅನ್ನಿಸುವುದು ಸಹಜ. ಹೋಗಿ. ಕಿಡ್ನಿಗೆ ಆದ ಪೆಟ್ಟು, ರಕ್ತ ಹೆಪ್ಪುಗಟ್ಟುವುದರಲ್ಲಿ ಆಗುವ ಏರುಪೇರು, ಕರುಳಿನ ಒಳಪದರ ಕಿತ್ತು ಬರುವುದು ಇವೆಲ್ಲ ಕಾಣಿಸಿಕೊಳ್ಳುವುದು ಒಂದು ಎರಡು ದಿನ, ಕೆಲವೊಮ್ಮೆ ಮೂರು ದಿನ ಕಳೆದ ಮೇಲೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಡ್ರಿಪ್ ಹಾಕಿ, ಒಂದು ರಾತ್ರಿ ಇರಿಸಿಕೊಳ್ಳುತ್ತೇವೆ ಅಂದರೆ ಒಪ್ಪಿಕೊಳ್ಳಿ. ಅವರಿಗೆ ನೀವು ಹೇಳಬೇಕಾದ್ದು ಇಷ್ಟು: ಎಷ್ಟು ಹೊತ್ತಿಗೆ ಬಿತ್ತು, ಅದಕ್ಕೆ ಮುಂಚೆ ಏನು ಮಾಡುತ್ತಿತ್ತು, ವಾಂತಿ ಅಥವಾ ಫಿಟ್ಸ್ ಬಂತೇ, ನೀರು ಹಾಕಲು ಯಾವಾಗ ಶುರು ಮಾಡಿದಿರಿ, ಬಿಸಿ ಎಷ್ಟಿತ್ತು.

ಮನೆಗೆ ಕರೆತಂದ ಮೇಲೂ ಮೂರು ದಿನ ಮೂತ್ರ, ಮಲ ಗಮನಿಸಿ. ಮೂತ್ರ ಕಡಿಮೆಯಾದರೆ, ಕಡು ಬಣ್ಣಕ್ಕೆ ತಿರುಗಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಎದ್ದರೆ ರಾತ್ರಿಯಾದರೂ ಸರಿ, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಓಟ, ಆಟ ಯಾವಾಗ ಶುರು ಮಾಡಬಹುದು ಅನ್ನುವುದನ್ನು ಡಾಕ್ಟರೇ ಹೇಳಲಿ, ನಾಯಿಯ ಉತ್ಸಾಹ ನೋಡಿ ನೀವು ತೀರ್ಮಾನಿಸಬೇಡಿ.